ಕಾಶೀರಾಮ ಕಾಕಾನ ಸೂತಕ

ಗಾಡಿ ಬಂದು ಹೋಗಿ ಬಹಳ ಹೊತ್ತಾಗಿತ್ತು. ಹಲಬರ್ಗಾ ಸ್ಟೇಷನ್ನಿನಲ್ಲಿ ಇಳಿದವರೆಲ್ಲ ಗಂಟು ಚೀಲ ಹೊತ್ತು, ಮಕ್ಕಳ ಕೈ ಹಿಡಿದು, ಆಗಲೇ ತಮ್ಮ ತಮ್ಮ ಅಕ್ಕತಂಗಿಯರ ಮನೆ ಸೇರಿದ್ದರು. ಸುಭದ್ರಾಬಾಯಿಯ ತಮ್ಮ ಮಾತ್ರ ಬಂದಿರಲಿಲ್ಲ. ಒಲೆಯ ಮುಂದೆ ಕುಳಿತರೆ ಬಾಗಿಲಲ್ಲಿ ಯಾರೋ ಕೆಮ್ಮಿದಂತಾಗುತ್ತಿತ್ತು. ಬಾಗಿಲಿಗೆ ಬಂದರೆ ಹಂಚಿನ ಮೇಲಿನ ಹೋಳಿಗೆ ಸೀದ ವಾಸನೆ ಬರುತ್ತಿತ್ತು.

"ಕಾಲಾಗ ಚಕ್ರ ಕಟ್ಕೊಂಡಿಯೇನ?" ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದ ಗಂಡ ನರಸಿಂಗರಾವ ಕೇಳಿದ. "ಕುಂದ್ರು ಜರಾ. ನಿನ್ನ ತಮ್ಮ ಈಗ ತಹಸೀಲದಾರ. ಸ್ಟೇಷನ್ನಿನ್ಯಾಗೇ ನಾಕು ಮಂದಿ ಹಿಡಕೊಂಡು ತಮ್ಮ ಗೋಳು ಹೇಳ್ಲತ್ತಿರಬೇಕು."

"ಇನ್ನ ಆಗಿಲ್ಲರಿ, ಆಗೋನಿದ್ದಾನ. ಕಾರ್ತಿಕಿ ಏಕಾದಶಿಗೆ ಪಂಢರಪುರಕ್ಕ ಹೋಗಿ ಬಂದು, ಆಮ್ಯಾಲೆ ಔರಾದದಾಗ ಹಾಜರಾಗ್ತಾನ."

"ಹುಕುಂ ಬಂದ ಮ್ಯಾಲೆ ಆದಂಗೇ ಲೆಕ್ಕ. ಮೊನ್ನೆ ತನಕ ಹೈದ್ರಾಬಾದ ಕಡಿ ಮಾರಿ ಮಾಡಿ ಕೈ ಮುಗೀತಿದ್ವಿ. ಇನ್ನ ಬೆಂಗಳೂರು ಯಾವ ದಿಕ್ಕಿಗದ ಅಂತ ಅವನಿಗೇ ಕೇಳಬೇಕು."

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು ಆ ವಾರವೇ. ರಾಜ್ಯದ ಹಬ್ಬವೂ ದೀಪಾವಳಿಯೂ ಒಟ್ಟಿಗೇ ಬಂದು, ಬೀದರಿನಲ್ಲಿ ಯಾವ ಪಟಾಕಿ ಯಾವುದಕ್ಕೆ ಹಾರಿತೆಂದು ಹೇಳುವಂತಿರಲಿಲ್ಲ. ಆ ದಿನ ಮೈದಾನದಲ್ಲಿ ಅವಳ ತಮ್ಮ ಗುರುನಾಥ ಕನ್ನಡದಲ್ಲಿ ಮಾತಾಡಿದ್ದನಂತೆ. ಹಳೆಯ ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಷ್ಕಾರನಾಗಿದ್ದವನು. ಉರ್ದು, ಮರಾಠಿ, ಕನ್ನಡ ಮೂರರಲ್ಲೂ ಒಂದೇ ಸಮನೆ ಬರೆಯಬಲ್ಲವನು. ಹೊಸ ಸರಕಾರಕ್ಕೆ ಬೇಕಾದದ್ದು ಅಂಥವರೇ. ಇವತ್ತು ಸಂಜೆ ಭಾಲ್ಕಿಯಲ್ಲಿ ಅವನಿಗೆ ಸತ್ಕಾರವಿತ್ತು. ಅಕ್ಕನ ಮನೆಯಲ್ಲಿ ಆರತಿ, ಊಟ ಮುಗಿಸಿದ ಮೇಲೆ ಅಲ್ಲಿಯವರೇ ಬಂದು ಜೀಪಿನಲ್ಲಿ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು.

ಅವತ್ತು ಭಾವುಬೀಜ. ಯಮಧರ್ಮ ಕೂಡ ತನ್ನ ತಂಗಿಯ ಮನೆಗೆ ಉಣ್ಣಲು ಹೋಗುವ ದಿನವೆಂದು ಹಿರಿಯರು ಹೇಳುತ್ತಾರೆ. ಆ ದಿನ ಯಾವ ಅಣ್ಣತಮ್ಮನ ಹಣೆಗೆ ಅಕ್ಕತಂಗಿಯರು ಕುಂಕುಮವಿಟ್ಟು ದೀಪ ಬೆಳಗುತ್ತಾರೋ ಅವನನ್ನು ಯಮ ವರ್ಷದವರೆಗೆ ಮುಟ್ಟುವುದಿಲ್ಲ. ಬೆಳಗಿಸಿಕೊಂಡವನು ಆರತಿಯ ತಟ್ಟೆಯಲ್ಲಿ ಏನಾದರೂ ಇಡಬೇಕು. ಅದಕ್ಕೆ ಓವಾಳಣಿ ಎನ್ನುತ್ತಾರೆ. ಗುರುನಾಥ ಒಂದು ವರ್ಷವೂ ತಪ್ಪಿಸಿದವನಲ್ಲ. ರಜಾಕಾರರ ಗಲಾಟೆಯ ವರ್ಷ ಕೂಡ ಹೊಲದ ಬದುಗಳ ಮೇಲೆ ನಡೆದುಕೊಂಡೇ ಬಂದು, ಓವಾಳಣಿಗೆ ಏನೂ ಇಲ್ಲವೆಂದು ಒಂದು ಹಸಿ ಜೋಳದ ತೆನೆ ಇಟ್ಟು ಹೋಗಿದ್ದ.

ಒಂದು ಟಾಂಗಾ ಬಂದು ಮನೆಯ ಮುಂದೆ ನಿಂತಿತು. ಸುಭದ್ರಾಬಾಯಿ ಓಡಿಬಂದಳು. ಟಾಂಗಾದಲ್ಲಿ ಯಾರೂ ಇರಲಿಲ್ಲ. ಹೊಡೆಯುವವ ಗೌಸೋದ್ದೀನ ಒಬ್ಬನೇ ಇಳಿದು ನಿಂತ.

"ಅಕ್ಕಾಬಾಯಿ, ನಿಮ್ಮ ಭಾಯಿ ಬಂದಾರೇನ್ರಿ?"

"ಇಲ್ಲಪ್ಪ. ಗಾಡಿ ತಪ್ಪಿತೇನೋ."

"ತಪ್ಪಿಲ್ಲರಿ. ನನ್ನ ಕಣ್ಣ ಮುಂದೇ ಇಳದಾರ. ಸಲಾಂ ಮಾಡಿದೆ, ಟಾಂಗಾ ಬ್ಯಾಡ ಅಂದ್ರು. ಪ್ಲಾಟ್‌ಫಾರಂ ಕಡೀಗೆ ಹೋಗಿ ನಿಂತ್ರು. ಯಾರರೆ ಬರೋರದಾರ ಅಂತ ನಾ ಎರಡು ಸವಾರಿ ಊರಿಗೆ ಬಿಟ್ಟು ತಿರುಗಿ ಹೋದೆ. ಇನ್ನೂ ಅಲ್ಲೇ ನಿಂತಾರ. ಅದಕ್ಕ ಕೇಳ್ದೆ."

ಸುಭದ್ರಾಬಾಯಿ ಕೈಗೆ ಹತ್ತಿದ್ದ ಹಿಟ್ಟನ್ನೂ ತೊಳೆಯಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಟಾಂಗಾ ಹತ್ತಿದಳು.

"ಏ, ಎಲ್ಲಿಗೆ ಹೊಂಟಿ?" ನರಸಿಂಗರಾವ ಕೂಗಿದ. "ಆರತಿಗಿ ತಮ್ಮ ಬರಬೇಕು ಅಕ್ಕನ ಬಾಗಿಲಿಗೆ. ಅಕ್ಕ ಹೋಗಿ ಹಿಡಕೊಂಡು ಬರೂದು ಯಾವೂರ ಪದ್ಧತಿ?"

ಅವಳು ಗೌಸೋದ್ದೀನನಿಗೆ ಹೊರಡೆಂದು ಸನ್ನೆ ಮಾಡಿದಳು. ಟಾಂಗಾ ಕುಲುಕುತ್ತ ಹೋಗುವಾಗ ದಸರೆಯಲ್ಲಿ ತಾನು ಬೀದರಿಗೆ ಹೋದದ್ದು ನೆನಪಾಯಿತು. ಚಿದ್ರಿಯಲ್ಲಿ ಗುರುನಾಥನ ಮನೆ. ಅವನ ಮಗಳು ನಲಿನಿ ಹೊರಗೆ ಆಡಲು ಹೋಗಿದ್ದಳು. ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ಅವನ ಹೆಂಡತಿ ಪ್ರಮಿಲಾ ತಲೆ ಎತ್ತದೆಯೇ ಹೇಳಿದ್ದಳು: "ಅಕ್ಕಾರ, ಇವ್ರು ನಿದ್ದಿನೇ ಮಾಡೂದಿಲ್ರಿ. ಕೋಳಿ ಕೂಗೂಕಿಂತ ಮೊದಲ ಎದ್ದು ದೇವರ ಮುಂದ ಕುಂದರ್ತಾರ. ಜಪ ಇಲ್ಲ, ಭಜನಿ ಇಲ್ಲ. ಸುಮ್ಮನ ಕುಂದರ್ತಾರ. ಊಟಾನೂ ಒಂದೇ ಹೊತ್ತು, ಅದೂ ನಾಕು ತುತ್ತು."

"ಒಪ್ಪತ್ತು ಹಿಡದಾನ ತಂಗಿ. ವಿಠ್ಠಲನ ತುಳಸಿ ಮಾಲಿ ಹಾಕ್ಕೊಂಡ ಮನಿತನ ನಮ್ದು. ನಮ್ಮ ಕಾಶೀರಾಮ ಕಾಕಾನೂ ಹಂಗೇ ಇದ್ದ. ನಸೀಬ ಮಾಡಿ ಬಂದೀ ನೀ."

ಪ್ರಮಿಲಾ ಮೊರದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು. ಅವನು ಸೈಕಲ್ಲನ್ನು ಕಚೇರಿಯ ಜವಾನ ಮಕ್ಸೂದನಿಗೆ ಕೊಟ್ಟದ್ದು, ಅಪ್ಪನ ಕಾಲದ ಕಂಚಿನ ತಾಳಗಳನ್ನು ಸಂತಪುರದ ಭಜನೆಯವರಿಗೆ ಕೊಟ್ಟದ್ದು, ಹೊದೆಯುವ ಶಾಲು ಯಾರಿಗೋ ಕೊಟ್ಟದ್ದು, ಎಲ್ಲ ಆಗ ತಿಳಿಯಿತು. ಸುಭದ್ರಾಬಾಯಿ ಊರಿಗೆ ಬಂದು ನೆರೆಯ ಹೆಂಗಸರಿಗೆಲ್ಲ ಹೇಳಿಕೊಂಡಿದ್ದಳು: ಇಷ್ಟು ದೊಡ್ಡವನಾದರೂ ನಮ್ಮ ಗುರುವಿಗೆ ಯಾವುದರ ಮೇಲೂ ಆಸೆಯಿಲ್ಲ, ವಿಠ್ಠಲನ ಕೃಪೆ.

ಗುರುನಾಥ ಪ್ಲಾಟ್‌ಫಾರಮ್ಮಿನ ತುದಿಯಲ್ಲಿ, ನೆರಳು ಮುಗಿಯುವಲ್ಲಿ ನಿಂತಿದ್ದ. ಕರಿ ಶೇರವಾನಿಯ ಗುಂಡಿಗಳನ್ನು ಕೊರಳಿನವರೆಗೆ ಹಾಕಿಕೊಂಡಿದ್ದ. ಕಾಲ ಬಳಿ ಚೀಲವಿತ್ತು. ಅವನು ಹಳಿಗಳ ಕಡೆ ನೋಡುತ್ತಿದ್ದ. ಅಲ್ಲಿ ನೋಡುವಂಥದೇನೂ ಇರಲಿಲ್ಲ. ದೂರದಲ್ಲಿ, ಗಾಡಿ ಬರುವ ಗುರುತಾಗಿ, ಸಿಗ್ನಲ್ಲಿನ ಕೈ ಬಿದ್ದಿತ್ತು.

"ಗುರು."

ಅವನು ತಿರುಗಿದ. ತಿರುಗಿದ ಆ ಕ್ಷಣದಲ್ಲಿ ಮುಖದಲ್ಲಿ ಏನೂ ಇರಲಿಲ್ಲ, ಬೀಗ ಹಾಕಿದ ಅಂಗಡಿಯಂತಿತ್ತು. ಅವಳನ್ನು ಕಂಡ ಮೇಲೆ ಒಂದೊಂದೇ ಹಲಗೆ ತೆಗೆದಂತೆ ಅದು ತೆರೆಯಿತು. ಕಣ್ಣು, ಕೆನ್ನೆ, ಕೊನೆಗೆ ನಗು.

"ಅಯ್ಯ, ನೀ ಯಾಕ ಬಂದಿ ಅಕ್ಕಾ?"

"ನೀ ಯಾಕ ನಿಂತಿ ಇಲ್ಲಿ?"

"ಮಾಲಗಾಡಿ ಬರಲತ್ತದ ಅಂದ್ರು. ನೋಡಿ ಹೋಗೋಣ ಅಂತ ನಿಂತೆ."

"ಮಾಲಗಾಡಿ ಏನು ನೋಡ್ತಿ? ಸಣ್ಣ ಕೂಸೇನು ನೀ?"

"ಹೌದಲ್ಲ," ಎಂದು ಅವನು ನಕ್ಕ. ಆದರೆ ಚೀಲ ಎತ್ತಿಕೊಳ್ಳಲಿಲ್ಲ. ಅವಳೇ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಅವನ ತೋಳು ಹಿಡಿದು ನಡೆದಳು. ಅವರು ಸ್ಟೇಷನ್ನಿನ ಹೊರಗೆ ಬರುವಷ್ಟರಲ್ಲಿ ಮಾಲಗಾಡಿ ನೆಲ ನಡುಗಿಸುತ್ತ ಹಾದುಹೋಯಿತು. ಅವನ ತೋಳು ಅವಳ ಕೈಯೊಳಗೆ ಬಿಗಿಯಾಗಿ, ಗಾಡಿ ಪೂರ್ತಿ ಹೋದ ಮೇಲೆ ಸಡಿಲವಾಯಿತು. ಬಿಡಬಾರದೆಂದು ಯಾಕೆ ಅನ್ನಿಸಿತೋ, ಅವಳು ಬಿಡಲಿಲ್ಲ.

ಟಾಂಗಾದಲ್ಲಿ ಅವನು ಗೌಸೋದ್ದೀನನ ಕುದುರೆಯ ಬಗ್ಗೆ ಹಾಸ್ಯ ಮಾಡಿದ. "ಇದು ನಿಜಾಮರ ಕಾಲದ್ದಲ್ಲೇನು ಮಿಯಾ? ಮೈಸೂರು ಸರಕಾರದಾಗ ಇದಕ್ಕ ಪಿಂಚಣಿ ಕೊಡಿಸಬೇಕು."

"ಕೊಡಿಸ್ರಿ ಸಾಬ್, ನನಗೂ ಅದರ ಜೋಡಿ ಕೊಡಿಸ್ರಿ. ಇಬ್ಬರ ಹಲ್ಲೂ ಒಂದೇ ವರ್ಷ ಬಿದ್ದಾವ."

ಗೌಸೋದ್ದೀನ ನಕ್ಕ, ಗುರುನಾಥ ನಕ್ಕ. ಸುಭದ್ರಾಬಾಯಿಗೂ ನಗು ಬಂತು. ನನಗೇ ಹುಚ್ಚು, ಎಂದುಕೊಂಡಳು. ಇಷ್ಟು ನಗುವವನಿಗೆ ಏನಾದೀತು?

ಮನೆಯಲ್ಲಿ ಮಣೆ ಹಾಕಿ ಸುತ್ತ ರಂಗೋಲಿ ಎಳೆದಿತ್ತು. ಗುರುನಾಥ ತಲೆಗೆ ಟೊಪ್ಪಿಗೆ ಹಾಕಿಕೊಂಡು ಮಣೆಯ ಮೇಲೆ ಕುಳಿತ. ನರಸಿಂಗರಾವ ಎದುರಿಗೆ ಕುಳಿತು, ಔರಾದದಲ್ಲಿ ತನ್ನ ಪರಿಚಯದವನೊಬ್ಬನ ಹೊಲದ ತಂಟೆ ಹೇಳತೊಡಗಿದ. ಗುರುನಾಥ ಎಲ್ಲದಕ್ಕೂ ಸರಿಯಾದಲ್ಲಿ ತಲೆದೂಗಿದ, ಸರಿಯಾದಲ್ಲಿ ನಕ್ಕ. ಸುಭದ್ರಾಬಾಯಿ ಕುಂಕುಮವಿಟ್ಟು, ಅಕ್ಷತೆ ಹಚ್ಚಿ, ಅವನ ಬಾಯಿಗೆ ಬೇಸನ್ ಲಾಡು ಇಟ್ಟಳು. ಅವನಿಗೆ ಚಿಕ್ಕಂದಿನಿಂದ ಪ್ರಾಣವಾದ ತಿನಿಸು. ಅದನ್ನು ಅವನು ಅಗಿಯಲಿಲ್ಲ, ಔಷಧಿ ಹಾಕಿಸಿಕೊಂಡ ಮಗುವಿನಂತೆ ಕೆನ್ನೆಯಲ್ಲಿ ಇಟ್ಟುಕೊಂಡು ಕುಳಿತ. ಅವಳು ನೀಲಾಂಜನ ಹಚ್ಚಿ ಮೂರು ಸಲ ಬೆಳಗಿದಳು.

ಅವನು ಚೀಲದಿಂದ ಒಂದು ಇಳಕಲ್ ಸೀರೆ ತೆಗೆದು ತಟ್ಟೆಯ ಪಕ್ಕದಲ್ಲಿ ಇಟ್ಟ. ಆಮೇಲೆ ಶೇರವಾನಿಯ ಜೇಬಿಗೆ ಕೈ ಹಾಕಿ, ಮುಷ್ಟಿಯಲ್ಲಿದ್ದುದನ್ನು ತಟ್ಟೆಗೆ ಮೆಲ್ಲಗೆ ಬಿಟ್ಟ.

ತುಳಸಿಮಣಿಯ ಮಾಲೆ. ಹದಿನಾರರ ಹುಡುಗನಿದ್ದಾಗ ಪಂಢರಪುರದಲ್ಲಿ ಅವನ ಕೊರಳಿಗೆ ಬಿದ್ದದ್ದು. ಮಣಿಗಳು ಬೆವರಿಗೆ ಕಪ್ಪಾಗಿ ನುಣುಪಾಗಿದ್ದವು. ಮಾಲೆ ಹಾಕಿಕೊಂಡವರು ಅದನ್ನು ತೆಗೆಯುವುದಿಲ್ಲ. ಸ್ನಾನಕ್ಕೂ ತೆಗೆಯುವುದಿಲ್ಲ, ಜ್ವರಕ್ಕೂ ತೆಗೆಯುವುದಿಲ್ಲ.

"ಇದ್ಯಾಕ ಗುರು?"

"ಇರಲಿ ಅಕ್ಕಾ, ನಿನ್ನ ಹತ್ರ. ನಾ ಹ್ಯಾಂಗೂ ಕಾರ್ತಿಕಿಗೆ ಹೊಂಟೀನಿ. ಅಲ್ಲೇ ಹೊಸಾದು ಹಾಕ್ಕೋತೇನಿ."

ನರಸಿಂಗರಾವ ಕೈ ಜೋಡಿಸಿದ. "ನೋಡು, ಅಧಿಕಾರ ಬಂದ್ರೂ ಹೆಂತಾ ಭಕ್ತಿ. ಹೊಸಾ ಮಾಲಿ, ಹೊಸಾ ಸರಕಾರ."

ಸುಭದ್ರಾಬಾಯಿಯ ಕೈಯಲ್ಲಿ ತಟ್ಟೆ ಭಾರವಾಯಿತು. ತಮ್ಮನ ಇದೇ ಮಾತನ್ನು ಅವಳು ಹಿಂದೆ, ಬೇರೊಬ್ಬರ ಬಾಯಲ್ಲಿ ಕೇಳಿದ್ದಳು.

ಆಗ ಅವಳಿನ್ನೂ ಪರಕಾರ ಉಡುವ ಹುಡುಗಿ. ಗುರು ತೊಟ್ಟಿಲಲ್ಲಿದ್ದ. ಸೋದರತ್ತೆ ಜಿಜಾಬಾಯಿ ಆತ್ಯಾನ ಮನೆಯಲ್ಲಿ ಅಕ್ಷತೆಯ ಬಟ್ಟಲು ಹಿಡಿದು ನಿಂತಿದ್ದಳು. ಮಣೆಯ ಮೇಲೆ ಕಾಶೀರಾಮ ಕಾಕಾ ಕುಳಿತಿದ್ದ. ಅಪ್ಪನ ತಮ್ಮ, ಸುತ್ತಿನ ಊರುಗಳಲ್ಲಿ ಹೆಸರಾದ ಕೀರ್ತನಕಾರ. ಅವನು ಮಾತಾಡಿದರೆ ಸಭೆ ಅಳುತ್ತಿತ್ತು, ಕಣ್ಣೀರು ಒರೆಸುವ ಮೊದಲೇ ನಗುತ್ತಿತ್ತು. ಅವನು ಆತ್ಯಾನ ತಟ್ಟೆಯಲ್ಲಿ ಹೀಗೆಯೇ ಮಾಲೆ ಇಟ್ಟ. ಕಾರ್ತಿಕಿಗೆ ಹೋಗ್ತೇನಿ, ಹೊಸಾದು ಹಾಕ್ಕೋತೇನಿ ಅಂದ. ಹೋದವನು ಬರಲಿಲ್ಲ. ಅಲ್ಲಿ ಚಂದ್ರಭಾಗಾ ಹೊಳೆಯ ಮಳಲಿನ ಮೇಲೆ ಅವನ ಧೋತರ, ಅಂಗಿ ನೀಟಾಗಿ ಮಡಿಸಿಟ್ಟಿದ್ದವಂತೆ. ವಿಠ್ಠಲನೇ ಕರೆದುಕೊಂಡನೆಂದು ಅಜ್ಜ ಹೇಳಿದ. ದೇವರೊಳಗೆ ಕೂಡಿದವನಿಗೆ ಸೂತಕವೆಂಥದೆಂದು ಮನೆಯಲ್ಲಿ ಯಾರೂ ಸೂತಕ ಹಿಡಿಯಲಿಲ್ಲ, ಯಾರೂ ಅಳಲಿಲ್ಲ. ಬದಲಿಗೆ ಊರಿಗೆಲ್ಲ ಊಟ ಹಾಕಿದರು. ಆ ಕಥೆಯನ್ನು ಸುಭದ್ರಾಬಾಯಿ ತನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಎಷ್ಟು ಸಲ ಹೇಳಿದ್ದಳೋ. ಹೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು.

ಆದರೆ ಜಿಜಾಬಾಯಿ ಆತ್ಯಾ ಆ ಮಾಲೆಗೆ ಒಂದು ದಿನವೂ ಹೂವು ಏರಿಸಲಿಲ್ಲ. ಗೋಡೆಯ ಗೂಡಿನಲ್ಲಿ ಇಟ್ಟು ಅದರ ಮುಂದೆ ಹಳೆಯ ಬುಟ್ಟಿಯೊಂದನ್ನು ಒತ್ತರಿಸಿಟ್ಟಿದ್ದಳು. ಸಾಯುವ ತನಕ ಮತ್ತೆ ಭಾವುಬೀಜ ಮಾಡಲಿಲ್ಲ. ಯಾಕೆಂದು ಅವಳನ್ನು ಯಾರೂ ಕೇಳಿರಲಿಲ್ಲ.

ಸುಭದ್ರಾಬಾಯಿ ತಟ್ಟೆಯನ್ನು ಕೆಳಗಿಟ್ಟಳು. "ಊಟಕ್ಕ ಎಲಿ ಹಾಕ್ತೇನಿ, ಒಳಗ ಬಾ ಜರಾ," ಎಂದು ತಮ್ಮನನ್ನು ಅಡಿಗೆಮನೆಗೆ ಕರೆದು ಕದ ಮುಂದೂಡಿದಳು. ಒಲೆಯ ಬೆಳಕಿನಲ್ಲಿ ಅವನ ಮುಖ ನೋಡಿದಳು.

"ಏನಾಗ್ಯದ ನಿನಗ?"

"ಏನೂ ಆಗಿಲ್ಲ ಅಕ್ಕಾ."

"ಪ್ರಮಿಲಾಗ ಹೇಳ್ದಂಗ ನನಗ ಹೇಳಬ್ಯಾಡ. ನಿನ್ನ ಕುಂಡಿ ತೊಳದಾಕಿ ನಾ."

ಅವನು ನಗಲು ನೋಡಿದ. ನಗು ಅರ್ಧಕ್ಕೆ ಬಂದು ನಿಂತಿತು. ಗೋಡೆಗೆ ಒರಗಿ ಕುಸಿದು ಕುಳಿತ.

"ಖರೇನೇ ಏನೂ ಆಗಿಲ್ಲ. ಅದೇ ತ್ರಾಸು. ಹುಕುಂ ಬಂತು, ಏನೂ ಆಗಲಿಲ್ಲ. ಮೈದಾನದಾಗ ಅಷ್ಟು ಮಂದಿ ಚಪ್ಪಾಳಿ ಹೊಡದ್ರು, ಯಾರಿಗೋ ಹೊಡೀಲತ್ತಾರ ಅನಸ್ತು. ನಲಿನಿ ಬಂದು ಕೊರಳಿಗೆ ಜೋತು ಬಿದ್ರ ಅದು ನನ್ನ ಕೊರಳೇ ಅಲ್ಲ. ಬಾಯಾಗ ಇಟ್ಟದ್ದು ಮಣ್ಣು. ಪಾಂಡುರಂಗನ ಮುಂದ ಕುಂತ್ರ ಅಲ್ಲಿ ಕಲ್ಲು ಅದ, ಇಲ್ಲಿ ನಾನೊಂದು ಕಲ್ಲು ಅದೀನಿ." ಅವನು ಅಂಗೈ ತಿರುಗಿಸಿ ನೋಡಿಕೊಂಡ. "ಎಲ್ಲಾ ಕೊಟ್ಟಾನ ದೇವರು. ಇದನ್ನ ಯಾರ ಮುಂದ ಹೇಳಲಿ? ಹೇಳಿದ್ರ, ಸೊಕ್ಕು ಬಂದದ ಅಂತಾರ."

"ಎಂದಿನಿಂದ?"

"ಗೊತ್ತಿಲ್ಲ. ಭಾಳ ದಣದೀನಿ ಅಕ್ಕಾ. ಪಂಢರಪುರಕ್ಕ ಹೋದ್ರ ಮುಗೀತದ."

ಮುಗಿಯುತ್ತದೆ ಎಂದರೆ ಏನೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದನೇನೋ. ಆ ಮಾತು ಈ ಮನೆಯ ಗಾಳಿಯಲ್ಲಿ ಆಡಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ಹೊರಗೆ ಜೀಪಿನ ಸದ್ದಾಯಿತು. ಅದರ ಹಿಂದೆಯೇ ಹಲಗೆ ಬಾರಿಸುವ ಸದ್ದು. ಗುರುನಾಥ ಎದ್ದು ನಿಂತ. ಎದ್ದು ನಿಲ್ಲುವಷ್ಟರಲ್ಲಿ ಅವನ ಬೆನ್ನು ನೆಟ್ಟಗಾಗಿತ್ತು, ಮುಖದ ಮೇಲೆ ಅದೇ ನಗು ಬಂದು ಕುಳಿತಿತ್ತು. ಸುಭದ್ರಾಬಾಯಿಗೆ ಮಾಲಗಾಡಿ ಬರುವಾಗ ಆದದ್ದಕ್ಕಿಂತ ಹೆಚ್ಚು ಭಯವಾದದ್ದು ಆ ನಗು ಕಂಡಾಗ.

"ನೀ ಇಲ್ಲೇ ಇರು," ಎಂದಳು. "ನಾ ಕರಿಯೂ ತನಕ ಹೊರಗ ಬರಬ್ಯಾಡ."

ಭಾಲ್ಕಿಯಿಂದ ವಕೀಲ ಶಿವರಾಜ ಬಂದಿದ್ದ. ಸತ್ಕಾರದ ಓಡಾಟವೆಲ್ಲ ಅವನದೇ. ಕೈಯಲ್ಲಿ ಸೇವಂತಿಯ ದೊಡ್ಡ ಹಾರ, ಹಿಂದೆ ನಾಲ್ಕೈದು ಜನ.

"ಕಾಕೂ, ತಹಸೀಲದಾರ ಸಾಹೇಬ್ರನ್ನ ಕಳಸ್ರಿ. ಭಾಲ್ಕಿ ಪೂರಾ ರಸ್ತಾದ ಮ್ಯಾಲೆ ನಿಂತದ. ತಡಾ ಆದ್ರ ಮಂದಿ ಹಾರಾ ನನ್ನ ಕೊರಳಿಗೆ ಹಾಕಿ ಮನಿಗೆ ಹೋಗ್ತಾರ," ಎಂದು ಅವನು ನಗುತ್ತ ಹೊಸ್ತಿಲಿಗೆ ಕಾಲಿಟ್ಟ.

"ಅಲ್ಲೇ ನಿಂದ್ರಪ್ಪ," ಎಂದಳು ಸುಭದ್ರಾಬಾಯಿ. "ಒಳಗ ಬರಬ್ಯಾಡ. ಸೂತಕ ಬಂದದ."

ಹಲಗೆ ನಿಂತಿತು. ಶಿವರಾಜ ಕಾಲನ್ನು ಹಿಂದಕ್ಕೆ ತೆಗೆದ.

"ಯಾರ್ರಿ? ಯಾವಾಗ?"

"ನಮ್ಮ ಕಾಕಾ. ಕಾಶೀರಾಮ ಕಾಕಾ. ಅಪ್ಪನ ಖಾಸಾ ತಮ್ಮ. ಈಗ ತಿಳೀತು ನನಗ."

ಕಟ್ಟೆಯ ಮೇಲಿದ್ದ ನರಸಿಂಗರಾವ ಬಾಯಿ ತೆರೆದ. "ಕಾಶೀರಾಮ ಕಾಕಾ? ಅಂವಾ ಎಂದೋ..." ಎಂದು ಶುರುಮಾಡಿದವನು ಹೆಂಡತಿಯ ಮುಖ ನೋಡಿದ. ಅವಳ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಹಳೆಯ ಸಾವಿಗೆ ಅವಳು ಈಗ ನಿಂತಲ್ಲೇ ಅಳುತ್ತಿದ್ದಳು; ಅದು ತೋರಿಕೆಯ ಅಳುವಾಗಿರಲಿಲ್ಲ. ನರಸಿಂಗರಾವನ ಕಣ್ಣು ಆರತಿಯ ತಟ್ಟೆಯ ಕಡೆ ಹೋಯಿತು. ಅಲ್ಲಿದ್ದ ಮಾಲೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಹೆಂಡತಿ ಹೇಳುತ್ತಿದ್ದ ಆ ಕಥೆಯನ್ನು ಅವನೂ ಬೇಕಾದಷ್ಟು ಸಲ ಕೇಳಿದ್ದ. ಅವನು ತಲೆಯ ಮೇಲಿನ ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಹೌದು ಶಿವರಾಜ," ಎಂದ. "ಕೇಳಿದ ದಿನದಿಂದ ಸೂತಕ ಹಿಡೀಬೇಕಲ್ಲ. ಗುರುನಾಥ ಹತ್ತು ದಿನ ಈ ಮನಿ ಬಿಟ್ಟು ಹೊರಗ ಬೀಳೂದಿಲ್ಲ. ಹಾರಾನೂ ಇಲ್ಲ, ಪಂಢರಪುರಾನೂ ಇಲ್ಲ."

"ಖರೆ ಅದರಿ, ಖರೆ ಅದ," ಎಂದ ಶಿವರಾಜ. ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಜೀಪಿನ ಮುಂದಿನ ಸೀಟಿನಲ್ಲಿ ಮನುಷ್ಯನನ್ನು ಕೂಡಿಸಿದಂತೆ ಇಟ್ಟ. "ಸತ್ಕಾರ ಎಲ್ಲಿ ಹೋಗ್ತದ್ರಿ. ಮುಂದ ಮಾಡೋಣಂತ." ಜೀಪು ಸದ್ದಿಲ್ಲದೆ ಹೋಗಲು ಪ್ರಯತ್ನಿಸುತ್ತ ದೊಡ್ಡ ಸದ್ದು ಮಾಡಿಕೊಂಡು ಹೋಯಿತು.

ಗೌಸೋದ್ದೀನ ಇನ್ನೂ ಟಾಂಗಾದ ಪಕ್ಕ ನಿಂತಿದ್ದ. "ಬೀದರಕ್ಕ ಹೋಗೂ ಗಾಡಿಗೆ ಹೋಗಿ ಪ್ರಮಿಲಾಗ ಕರಕೊಂಡು ಬಾರಪ್ಪ," ಎಂದಳು ಸುಭದ್ರಾಬಾಯಿ. "ನಲಿನಿಗೂ ಕರಕೊಂಡು ಬಾ. ಅಕ್ಕ ಕರದಾಳ, ನೀ ಹೇಳಿದ್ದು ಈಗ ತಿಳೀತಂತ ಅಂತ ಹೇಳು." ಅವನು ತಲೆಯಾಡಿಸಿ ಟಾಂಗಾ ತಿರುಗಿಸಿದ.

ಒಳಗೆ ಬಂದು ಅವಳು ದೇವರ ಜಗಲಿಯ ಮುಂದೆ ನಿಂತಳು. ಸೂತಕದಲ್ಲಿ ದೇವರನ್ನು ಮುಟ್ಟುವಂತಿರಲಿಲ್ಲ. ದೂರದಿಂದಲೇ, ಬಾಯೊಳಗೇ, "ವಿಠ್ಠಲಾ, ತಪ್ಪಿದ್ರ ನನ್ನ ತಲಿಗೆ ಇರಲಿ. ಅವನ ತಲಿಗೆ ಬ್ಯಾಡ," ಎಂದು, ದೀಪ ಆರಿಸದೆ ಹಿತ್ತಲಿಗೆ ನಡೆದಳು.

ಹಿತ್ತಲ ಕಲ್ಲಿನ ಮೇಲೆ ಗುರುನಾಥನನ್ನು ಕೂಡಿಸಿದಳು. ಅವನು ಎಲ್ಲ ಮಾತನ್ನೂ ಅಡಿಗೆಮನೆಯಿಂದ ಕೇಳಿಸಿಕೊಂಡಿದ್ದ. ಅವಳು ಶೇರವಾನಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುವಾಗ ಚಿಕ್ಕ ಹುಡುಗನಂತೆ ಗದ್ದ ಮೇಲೆತ್ತಿ ಕೊಟ್ಟ. ಕೊಡದಲ್ಲಿ ಬಾವಿಯ ನೀರು ಇತ್ತು. ಸಾವಿನ ಸುದ್ದಿಗೆ ನೀರು ಕಾಯಿಸುವ ಪದ್ಧತಿಯಿಲ್ಲ.

"ಕಾಕಾನ ಸಲುವಾಗಿ," ಎಂದು ಮೊದಲ ಚೊಂಬು ತಲೆಯ ಮೇಲೆ ಹೊಯ್ದಳು. ಅವನು ಕದಲಲಿಲ್ಲ. ಎರಡನೆಯದು ಹೊಯ್ದಳು. ಮೂರನೆಯದು ಹೊಯ್ಯುವಾಗ ಅವನ ಹೆಗಲು ಅದುರಿತು. ಆಮೇಲೆ ಬೆನ್ನು, ಆಮೇಲೆ ಹಲ್ಲು ಕಟಕಟ ಎನ್ನತೊಡಗಿದವು.

"ಅಕ್ಕಾ," ಎಂದ ಅವನು, ಏನೋ ಹೊಸದು ಕಂಡವನಂತೆ, "ನೀರು ಭಾಳ ತಣ್ಣಗದ."

ಅವಳು ಚೊಂಬನ್ನು ಹಾಗೆಯೇ ಹಿಡಿದು ನಿಂತಳು. ಮಾಲೆ ಇದ್ದ ಜಾಗದಲ್ಲಿ, ಬಿಸಿಲು ಕಾಣದ ಚರ್ಮ ಅವನ ಕೊರಳ ಸುತ್ತ ಬಿಳಿಯ ಗೆರೆಯಾಗಿ ಉಳಿದಿತ್ತು. ತಲೆಯಿಂದ ಇಳಿದ ನೀರು ಆ ಗೆರೆಯ ಮೇಲೆ ಬಂದು, ಮಣಿ ಮಣಿಯಾಗಿ ನಿಂತು, ಒಂದೊಂದೇ ಕೆಳಗೆ ಇಳಿಯುತ್ತಿತ್ತು.